ಹೋದ ವರ್ಷದ ಮಗಳು

ಬೆಟ್ಟಕ್ಕೆ ಬೆನ್ನು ಕೊಟ್ಟು, ಕಡಲಿಗೆ ಮುಖ ಮಾಡಿ ಕೂತ ಒಂದು ಊರಿತ್ತು. ಬೆಟ್ಟದಲ್ಲಿ ಬಿಳಿ ಅಮೃತಶಿಲೆ, ಇಳಿಜಾರಿನಲ್ಲಿ ಆಲಿವ್ ಮರ, ಕೆಳಗೆ ನೀಲಿ ನೀರು. ಇಷ್ಟು ಬಿಟ್ಟರೆ ಆ ಊರಿನಲ್ಲಿ ಹೇರಳವಾಗಿ ಸಿಗುತ್ತಿದ್ದದ್ದು ಮಾತು. ಚೌಕದ ಕಂಬಸಾಲಿನ ನೆರಳಲ್ಲಿ ಊರಿನ ಮುದುಕರು ಬೆಳಗಿನಿಂದ ಬೈಗಿನವರೆಗೆ ವಾದ ಮಾಡುತ್ತಿದ್ದರು. ನ್ಯಾಯ ಎಂದರೇನು, ಕುದುರೆ ಎಂದರೇನು, ಮಡಕೆ ಒಡೆದಾಗ ಅದರ ದುಂಡುತನ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಕೇಳಿಕೊಂಡು ಸುಮ್ಮನಿದ್ದಿದ್ದರೆ ಯಾರ ಮನೆಯ ಗಂಟೂ ಹೋಗುತ್ತಿರಲಿಲ್ಲ. ಆದರೆ ಬಹಳ ಹಿಂದೆ ಆ ಮುದುಕರಿಗೆ ಒಂದು ಉತ್ತರ ಹೊಳೆದುಬಿಟ್ಟಿತ್ತು.

ಬದಲಾಗದೆ ಇರುವುದೇ ನಿಜ, ಬದಲಾಗುವುದೆಲ್ಲ ನೆರಳು. ಇದು ಅವರ ಉತ್ತರ. ಉತ್ತರದಿಂದ ಕಟ್ಟಳೆ ಹುಟ್ಟಿತು. ಆಲಿವ್ ಸುಗ್ಗಿ ಮುಗಿದ ಮರುದಿನ ಊರಿನವರೆಲ್ಲ ಒಂದು ದೊಡ್ಡ ಮಡಕೆಗೆ ಕೈ ಹಾಕಿ ಒಂದೊಂದು ಅವರೆಕಾಳು ತೆಗೆಯಬೇಕು. ಎಲ್ಲವೂ ಕಪ್ಪು ಕಾಳು, ಒಂದೇ ಒಂದು ಬಿಳಿ. ಬಿಳಿ ಕಾಳು ಬಂದವರನ್ನು ಊರಿನ ಶಿಲ್ಪಿ ಕಲ್ಲಿನಲ್ಲಿ ಕೆತ್ತಬೇಕು. ಹೋಲಿಸುವವರು ಎಂಬ ಮೂವರು ಬಂದು, ಕೈವಾರ ಹಿಡಿದು, ದಾರ ಹಿಡಿದು, ಕಲ್ಲಿಗೂ ಮನುಷ್ಯನಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ ಎಂದು ಸಾರಿದ ದಿನ ಆ ಮನುಷ್ಯನಿಗೆ ಹೂವಿನ ಮಾಲೆ ಹಾಕಿ, ಜೇನು ಸವರಿದ ರೊಟ್ಟಿ ಕೊಟ್ಟು, ಹುಟ್ಟಿಲ್ಲದ ಕಪ್ಪು ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡುತ್ತಿದ್ದರು. ನಿಜವೇ ಊರಿಗೆ ಬಂದ ಮೇಲೆ ನೆರಳಿಗೇನು ಕೆಲಸ?

ಯಾರೂ ಅಳುತ್ತಿರಲಿಲ್ಲ. ಅಳುವುದೇಕೆ, ಇಲ್ಲೇ ಇದ್ದಾರಲ್ಲ, ಎನ್ನುತ್ತಿದ್ದರು. ಕಂಬಸಾಲಿನಲ್ಲಿ ನಿಂತ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದರು, ತುಟಿಗೆ ಕೆಂಪು, ಕೂದಲಿಗೆ ಕಪ್ಪು ಬಳಿಯುತ್ತಿದ್ದರು, ಹಬ್ಬದ ದಿನ ಊಟಕ್ಕೆ ಕರೆಯುತ್ತಿದ್ದರು. ಹೋದವರು ಎಂಬ ಮಾತೇ ಆ ಊರಿನಲ್ಲಿ ಇರಲಿಲ್ಲ.

ಈ ಕಥೆಯ ಶಿಲ್ಪಿ ಆ ಊರು ಕಂಡ ಶಿಲ್ಪಿಗಳಲ್ಲೆಲ್ಲ ಗಟ್ಟಿಗ. ಕಂಡದ್ದನ್ನು ಕಂಡಂತೆ ಕೆತ್ತುತ್ತೇನೆ, ಸುಳ್ಳು ಕೆತ್ತುವುದಿಲ್ಲ ಎಂದು ಎಲ್ಲ ಶಿಲ್ಪಿಗಳೂ ಆಣೆ ಮಾಡುತ್ತಿದ್ದರು, ಅವನೂ ಮಾಡಿದ್ದ. ಅವನ ಕಲ್ಲುಗಳನ್ನು ಕಂಡು ನಾಯಿಗಳು ಬಾಲ ಆಡಿಸುತ್ತಿದ್ದವು. ಒಂದು ಸುಗ್ಗಿಯಲ್ಲಿ ಬಿಳಿ ಕಾಳು ಅವನ ಹೆಂಡತಿಗೇ ಬಂತು. ಅವನು ನಲವತ್ತು ದಿನದಲ್ಲಿ ಅವಳನ್ನು ಕೆತ್ತಿ ಮುಗಿಸಿದ. ಹೋಲಿಸುವವರು ಒಂದೇ ನೋಟಕ್ಕೆ ಒಪ್ಪಿದರು. ಊರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಅವನು ಹಿಗ್ಗಿದ. ಹೌದು, ಹಿಗ್ಗಿದ, ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಪಾಪ ತಟ್ಟುತ್ತದೆ. ಹೆಂಡತಿ ದೋಣಿ ಹತ್ತುವಾಗ ಒಮ್ಮೆ ತಿರುಗಿ ನೋಡಿದಳು, ಅವನು ಆಗ ಹೊಗಳಿಕೆ ಕೇಳುತ್ತಿದ್ದ.

ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಮೂರು ದಿನ ಅಮ್ಮ ಅಮ್ಮ ಎಂದು ಹಟ ಹಿಡಿದಳು. ನಾಲ್ಕನೆಯ ದಿನ ಶಿಲ್ಪಿ ಅವಳನ್ನು ಎತ್ತಿಕೊಂಡು ಕಂಬಸಾಲಿಗೆ ಹೋಗಿ, ಇಗೋ, ಅಮ್ಮ ಇಲ್ಲೇ ಇದ್ದಾಳಲ್ಲ ಎಂದು ತೋರಿಸಿದ. ಮಗು ಕಲ್ಲಿನ ಕತ್ತಿಗೆ ತೋಳು ಸುತ್ತಿತು, ಕೆನ್ನೆಗೆ ಕೆನ್ನೆ ಒತ್ತಿತು. ಆಮೇಲೆ ಅಪ್ಪನ ಕಡೆ ತಿರುಗಿ ಮೆತ್ತಗೆ ಹೇಳಿತು.

"ಅಪ್ಪ, ಅಮ್ಮ ತಣ್ಣಗಿದ್ದಾಳೆ."

ಮುದುಕರು ನೂರು ವರ್ಷ ಕಟ್ಟಿದ ವಾದ ಶಿಲ್ಪಿಯ ಎದೆಯೊಳಗೆ ಅಷ್ಟರಲ್ಲೇ ಬಿದ್ದುಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಮಗುವನ್ನು ಮನೆಗೆ ಕರೆತಂದು, ಅಂಜೂರ ಸುಲಿದು ಕೊಟ್ಟು, ತಾನು ಗೋಡೆಗೆ ಮುಖ ಮಾಡಿ ಕೂತ. ಆ ಊರಿನಲ್ಲಿ ಅತ್ತ ಮೊದಲನೆಯವನು ಅವನೇ ಇರಬೇಕು.

ಆಮೇಲೂ ವರ್ಷಕ್ಕೊಂದರಂತೆ ಕೆತ್ತಿದ. ಊರಿನ ಶಿಲ್ಪಿ ಕೆತ್ತದೆ ಏನು ಮಾಡುತ್ತಾನೆ? ಒಬ್ಬೊಬ್ಬರನ್ನು ಕಳಿಸುವಾಗಲೂ ಅವನು ಕಡಲಿನ ಕಡೆ ನೋಡುತ್ತಿರಲಿಲ್ಲ. ಹಾಗೆ ಹದಿಮೂರು ಸುಗ್ಗಿ ಕಳೆದವು. ಹದಿಮೂರನೆಯದರಲ್ಲಿ, ಹದಿನೇಳು ವರ್ಷದ ಮಗಳು ಮಡಕೆಗೆ ಕೈ ಹಾಕಿ ಬಿಳಿ ಕಾಳು ತೆಗೆದಳು.

ಜನ ಶಿಲ್ಪಿಯ ಬೆನ್ನು ತಟ್ಟಿ, ನಿನ್ನ ಮನೆಗೆ ಇದು ಎರಡನೆಯ ಭಾಗ್ಯ ಎಂದರು. ಅವನು ತಲೆಯಾಡಿಸಿದ. ಈ ಮಗಳನ್ನು ಆ ದೋಣಿ ಹತ್ತಿಸುವುದಿಲ್ಲ, ಬೆಟ್ಟ ಕರಗಿದರೂ ಹತ್ತಿಸುವುದಿಲ್ಲ ಎಂದು ಒಳಗೊಳಗೇ ಹಲ್ಲು ಕಚ್ಚಿದ.

ಆಣೆ ಮುರಿಯುವಂತಿಲ್ಲ, ಸುಳ್ಳು ಕೆತ್ತಿದ ಶಿಲ್ಪಿಯ ಕೈ ಕಡಿಯುತ್ತಾರೆ, ಕಲ್ಲನ್ನು ಬೇರೆಯವನಿಗೆ ಕೊಡುತ್ತಾರೆ. ಕೆಲಸ ಅರ್ಧಕ್ಕೆ ಬಿಡುವಂತಿಲ್ಲ. ಮುಂದಿನ ಸುಗ್ಗಿಯ ಕೊನೆಗೆ ಪ್ರತಿಮೆ ಪೂರ್ತಿಯಾಗಿ ನಿಂತಿರಬೇಕು. ಒಂದು ಜೀವಕ್ಕೆ ಒಂದೇ ಕಲ್ಲು. ಬೇರೆ ಕಲ್ಲು ಕೇಳುವಂತಿಲ್ಲ. ಕಟ್ಟಳೆ ಚಾಪೆಯ ಕೆಳಗೆ ತೂರಿದರೆ ಶಿಲ್ಪಿ ರಂಗೋಲಿಯ ಕೆಳಗೆ ತೂರಬೇಕಾಗಿತ್ತು. ಮೂರು ದಿನ ಊಟ ಬಿಟ್ಟು ಯೋಚಿಸಿದ. ನಾಲ್ಕನೆಯ ದಿನ ಮಗಳನ್ನು ಅಂಗಳದ ನಡುವೆ ನಿಲ್ಲಿಸಿದ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ರೆಪ್ಪೆ ಬಡಿಯದಂತೆ ಅವಳನ್ನು ನೋಡಿದ. ಹಣೆ, ಹುಬ್ಬು, ಗಲ್ಲ, ಕಿವಿಯ ಹಾಲೆ, ಉಗುರು, ಎಲ್ಲವನ್ನೂ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡ. ಸೂರ್ಯ ಮುಳುಗಿದ ಮೇಲೆ ಅಂಗಳಕ್ಕೂ ಅಡುಗೆಮನೆಗೂ ನಡುವೆ ಒಂದು ದಪ್ಪ ಉಣ್ಣೆಯ ಪರದೆ ಕಟ್ಟಿದ.

"ಇವತ್ತಿನಿಂದ ಬರೋ ಸುಗ್ಗಿವರೆಗೆ ನಾನು ನಿನ್ನ ಮುಖ ನೋಡಲ್ಲ ಮಗಳೇ," ಎಂದ. "ನೋಡಿದರೆ ಕಣ್ಣು ಕಂಡದ್ದನ್ನ ಕೈ ಹಿಡಿದುಬಿಡುತ್ತೆ. ನಾನು ಇವತ್ತಿನ ನಿನ್ನನ್ನ ಕೆತ್ತುತ್ತೀನಿ. ಅವರು ಬರೋ ಹೊತ್ತಿಗೆ ನೀನು ಬೇರೆ ಆಗಿರ್ತೀಯ."

ಒಂದು ವರ್ಷ ತಾನೇ, ಆಗಲಿ ಎಂದಳು ಮಗಳು.

ಸುಗ್ಗಿ ಮುಗಿಯಿತು. ಹೋಲಿಸುವವರು ಬಂದರು. ಕಲ್ಲಿನಲ್ಲಿ ಹದಿನೇಳರ ಹುಡುಗಿ, ಪಕ್ಕದಲ್ಲಿ ಹದಿನೆಂಟರ ಹುಡುಗಿ. ಕೈವಾರ ಇಟ್ಟರು, ದಾರ ಎಳೆದರು. ಕೆನ್ನೆ ಒಂದು ಗೋಧಿ ಕಾಳಿನಷ್ಟು ಇಳಿದಿದೆ ಎಂದು ಮೊದಲನೆಯವನು ಹೇಳಿದ. ಹೌದು ಎಂದು ಉಳಿದಿಬ್ಬರೂ ಒಪ್ಪಿದರು. ಶಿಲ್ಪಿ ಆಣೆ ತಪ್ಪಿದ್ದಾನೆಯೇ ಎಂದು ಕೇಳಿದರೆ ಇಲ್ಲ, ಅವನು ಕಂಡದ್ದನ್ನೇ ಕೆತ್ತಿದ್ದಾನೆ. ವ್ಯತ್ಯಾಸ ಇದೆಯೇ ಎಂದರೆ ಇದೆ. ಹಾಗಾದರೆ ಇನ್ನೊಂದು ವರ್ಷ. ಅವರು ಹೋದ ಮರುದಿನ ಶಿಲ್ಪಿ ಪರದೆ ಸರಿಸಿದ, ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ದಿನವಿಡೀ ನೋಡಿದ, ಸಂಜೆಗೆ ಮತ್ತೆ ಪರದೆ ಎಳೆದ.

ಹೀಗೆ ಶುರುವಾದದ್ದು ಹೀಗೇ ನಡೆಯಿತು. ವರ್ಷಕ್ಕೊಂದು ನೋಟದ ದಿನ, ಮಿಕ್ಕಿದ್ದೆಲ್ಲ ಪರದೆಯ ದಿನ. ಅವಳು ಪರದೆಯ ಕೆಳಗಿನಿಂದ ರೊಟ್ಟಿ, ಎಣ್ಣೆ, ಆಡಿನ ಗಿಣ್ಣು ತಳ್ಳುತ್ತಿದ್ದಳು. ಅವನು ತಟ್ಟೆ ನೋಡುತ್ತಿದ್ದ, ಕೈ ನೋಡುತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ಪರದೆಯ ಈಚೆ ಕೂತು ಕಷಾಯ ಕುಡಿಯುವ ರೀತಿ ಹೇಳಿದ. ಅವಳು ನಕ್ಕಾಗ ಉಳಿಯ ಸದ್ದು ಜೋರು ಮಾಡಿದ. ನಗು ಕೇಳಿದರೆ ಮುಖ ಕಂಡಂತಾಗುತ್ತದೆ ಎಂಬ ಭಯ ಅವನಿಗೆ.

ಊರು ಬಾಯಿತುಂಬ ಬೈಯಿತು. ಬಿಳಿ ಕಾಳು ಬಂದವರ ಕಲ್ಲು ಮುಗಿಯುವವರೆಗೆ ಮಡಕೆ ಮತ್ತೆ ಹೊರಗೆ ತೆಗೆಯುವಂತಿಲ್ಲ. ಇವನೊಬ್ಬನ ನಿಧಾನದಿಂದ ಊರಿಗೆ ನಿಜ ಬರುವುದು ನಿಂತುಹೋಯಿತು ಎಂದು ಮುದುಕರು ಗೊಣಗಿದರು. ಆದರೆ ಹೊರಗೆ ಬೈಗುಳ, ಒಳಗೆ ಹರಕೆ. ಎದುರು ಮನೆಯ ಗಾಣದ ಮುದುಕಿ ಬೀದಿಯಲ್ಲಿ ನಿಂತು, ಇವನ ಕೈಗೆ ಲಕ್ವ ಹೊಡೆಯ ಎಂದು ಶಾಪ ಹಾಕಿ, ಹಿತ್ತಿಲ ಬಾಗಿಲಿನಿಂದ ಬಂದು ಒಂದು ಗಡಿಗೆ ಎಣ್ಣೆ ಇಟ್ಟು ಹೋಗುತ್ತಿದ್ದಳು. ಅವಳ ಮನೆಯಲ್ಲಿ ಮೂರು ಮಕ್ಕಳಿದ್ದವು.

ಕಲ್ಲಿನ ಕೆಲಸದಲ್ಲಿ ಒಂದು ಕಷ್ಟವಿದೆ. ತೆಗೆಯಬಹುದು, ಸೇರಿಸಲಾಗದು. ಮಗಳ ಕೆನ್ನೆ ಇಳಿದರೆ ಕಲ್ಲಿನ ಕೆನ್ನೆ ಕೆತ್ತಿ ಇಳಿಸಬಹುದು. ಅವಳ ಸೊಂಟ ತುಂಬಿದರೆ? ಸೊಂಟ ಬಿಟ್ಟು ಮಿಕ್ಕಿದ್ದನ್ನೆಲ್ಲ ಸಣ್ಣದು ಮಾಡಬೇಕು. ಹೋಲಿಸುವವರಿಗೆ ಗಾತ್ರ ಮುಖ್ಯವಲ್ಲ, ಪ್ರಮಾಣ ಮುಖ್ಯ. ಹಾಗಾಗಿ ಪ್ರತಿ ವರ್ಷವೂ ಪ್ರತಿಮೆ ಕುಗ್ಗುತ್ತ ಬಂತು. ಮೊದಲ ವರ್ಷ ಅದು ಮಗಳಿಗಿಂತ ಒಂದು ಮೊಳ ಎತ್ತರವಿತ್ತು. ಐದನೆಯ ವರ್ಷ ಅವಳಷ್ಟೇ ಆಯಿತು. ಆಮೇಲೆ ಅವಳ ಭುಜದವರೆಗೆ ಬಂತು. ಅಂಗಳದ ತುಂಬ ಬಿಳಿ ಪುಡಿ. ಅವಳು ಗುಡಿಸಿ ಗುಡಿಸಿ ಹಿತ್ತಿಲಿಗೆ ಹಾಕುತ್ತಿದ್ದಳು.

ಅವಳಿಗೆ ಇಪ್ಪತ್ತಮೂರಾದಾಗ ಒಬ್ಬ ಮುಳುಗುಗಾರ ಮನೆಯ ಬಾಗಿಲಿಗೆ ಬಂದ. ಕಡಲಿನ ತಳಕ್ಕೆ ಮುಳುಗಿ ಚಿಪ್ಪು ತರುವವನು. ಅವಳಿಗೂ ಅವನಿಗೂ ಬಾವಿಯ ಹತ್ತಿರ ಮಾತು ಬೆಳೆದಿತ್ತು. ತನ್ನ ದೋಣಿಗೆ ಹುಟ್ಟು ಇದೆ, ಆಚೆ ದಡದಲ್ಲಿ ಕಾಳು ತೆಗೆಯದ ಊರುಗಳಿವೆ, ಬಾ ಎಂದು ಕರೆದ. ಅವಳು ಪರದೆಯ ಹತ್ತಿರ ಬಂದು ನಿಂತಳು. ಶಿಲ್ಪಿಗೆ ಎಲ್ಲ ಕೇಳಿಸಿತ್ತು. ಹೋಗು ಎಂಬ ಒಂದು ಮಾತಿಗೆ ಅವಳು ಕಾಯುತ್ತಿದ್ದಾಳೆ ಎಂದೂ ಗೊತ್ತಿತ್ತು. ದೋಣಿ ಎಂದ ಕೂಡಲೇ ಅವನ ಕಣ್ಣಿಗೆ ಕಂಡದ್ದು ಹೆಂಡತಿ ಹತ್ತಿದ ದೋಣಿ. ಕಡಲಿಗೆ ಒಮ್ಮೆ ಕೊಟ್ಟದ್ದು ಸಾಕು ಎನಿಸಿತು. ಅವನು ಉಳಿಯ ಮೇಲೆ ಸುತ್ತಿಗೆ ಇಟ್ಟು ಕೆತ್ತತೊಡಗಿದ. ಅವಳು ಬಹಳ ಹೊತ್ತು ನಿಂತಿದ್ದು ಹೊರಗೆ ಹೋದಳು.

"ಅಪ್ಪ ಏನೂ ಹೇಳಲಿಲ್ಲ," ಎಂದು ಅವಳು ಮುಳುಗುಗಾರನಿಗೆ ಹೇಳಿದ್ದು ಅಂಗಳದವರೆಗೂ ಕೇಳಿಸಿತು.

ಮುಳುಗುಗಾರ ಇನ್ನೆರಡು ಸಲ ಬಂದ, ಆಮೇಲೆ ಬರಲಿಲ್ಲ. ಆ ವರ್ಷದ ನೋಟದ ದಿನ ಶಿಲ್ಪಿ ಮಗಳ ಕಣ್ಣಿನ ಕೆಳಗೆ ಹೊಸದಾಗಿ ಎರಡು ಗೆರೆ ಕಂಡ. ಕಂಡು ಅವನಿಗೆ ಹೊಟ್ಟೆಗೆ ಹಾಲೆರೆದಂತಾಯಿತು. ಇನ್ನೊಂದು ವರ್ಷ ಗೆದ್ದೆ ಎಂದುಕೊಂಡ.

ಬೇರೆ ಅಪ್ಪಂದಿರು ಮಗಳ ಮದುವೆಗೆ ಸಂಭ್ರಮಿಸುತ್ತಾರೆ, ಬಾಣಂತನಕ್ಕೆ ಸಂಭ್ರಮಿಸುತ್ತಾರೆ. ಈ ಅಪ್ಪ ಮಗಳ ಸುಕ್ಕಿಗೆ ಸಂಭ್ರಮಿಸಿದ. ಅವಳ ಇಪ್ಪತ್ತೆಂಟನೆಯ ವರ್ಷದಲ್ಲಂತೂ ಅವನ ಜೀವ ಬಾಯಿಗೆ ಬಂದಿತ್ತು. ಆ ವರ್ಷ ಅವಳು ಏನೂ ಬದಲಾಗಿರಲಿಲ್ಲ. ಮೊದಲನೆಯ ಹೋಲಿಸುವವನು ವ್ಯತ್ಯಾಸವಿಲ್ಲ ಎಂದ. ಎರಡನೆಯವನೂ ಇಲ್ಲ ಎಂದ. ಹೊರಗೆ ಯಾರೋ ಆಗಲೇ ಹೂಮಾಲೆ ಕಟ್ಟುತ್ತಿದ್ದರು. ಮೂರನೆಯವನು ಅವಳ ಜಡೆ ಬಿಚ್ಚಿಸಿ, ಬಿಸಿಲಿಗೆ ಹಿಡಿದು, ಒಂದು ಎಳೆ ಎತ್ತಿ ತೋರಿಸಿದ. ಒಂದು ಬಿಳಿ ಕೂದಲು. ಕಲ್ಲಿನ ತಲೆಗೆ ಪೂರ್ತಿ ಕಪ್ಪು ಬಳಿದಿತ್ತು. ಅವರು ಹೋದ ಮೇಲೆ ಶಿಲ್ಪಿ ಅಂಗಳದಲ್ಲಿ ಕುಣಿದ. ಕುಣಿಯುತ್ತ ಪರದೆಯಾಚೆ ಅವಳು ಅಳುವುದನ್ನು ಕೇಳಿದ. ಅವಳೂ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ. ತನಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುವುದರಲ್ಲಿ ಪ್ರೀತಿಸುವವರಿಗಿಂತ ಜಾಣರಿಲ್ಲ.

ವರ್ಷಗಳು ಹೋದವು. ಹಳೆಯ ಹೋಲಿಸುವವರು ಸತ್ತು ಅವರ ಮಕ್ಕಳು ಕೈವಾರ ಹಿಡಿದರು. ಮಡಕೆ ಉಗ್ರಾಣದಲ್ಲಿ ಜೇಡರ ಬಲೆ ಕಟ್ಟಿಕೊಂಡು ಕೂತಿತ್ತು. ಹೊಸ ಕಲ್ಲುಗಳು ಬಾರದೆ ಕಂಬಸಾಲಿನ ಹಳೆಯ ಕಲ್ಲುಗಳ ಬಣ್ಣ ಉದುರಿ, ಜನ ಅವುಗಳ ಹೆಸರನ್ನೂ ಮರೆತರು. ಮಗಳ ಪ್ರತಿಮೆ ಮೊಣಕಾಲಿನಷ್ಟಾಯಿತು, ಗೇಣಿನಷ್ಟಾಯಿತು, ಕಿರುಬೆರಳಿನಷ್ಟಾಯಿತು. ಶಿಲ್ಪಿ ದೊಡ್ಡ ಉಳಿ ಬಿಟ್ಟು ಸಣ್ಣ ಉಳಿ ಹಿಡಿದ, ಅದನ್ನೂ ಬಿಟ್ಟು ಸೂಜಿ ಹಿಡಿದ. ಕಲ್ಲಿನ ಪುಡಿ ತಿಂದು ತಿಂದು ಅವನ ಕಣ್ಣು ಬೆಳ್ಳಗಾಗುತ್ತ ಬಂತು.

ಅವಳಿಗೆ ನಲವತ್ತೊಂಬತ್ತಾದ ವರ್ಷ, ನೋಟದ ದಿನ, ಅವಳು ಎಂದಿನಂತೆ ಅಂಗಳದಲ್ಲಿ ನಿಂತಳು. ಅವನು ಎಂದಿನಂತೆ ಎದುರು ಕೂತ. ಅವನಿಗೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಅವನು ಅದನ್ನು ಹೇಳಲಿಲ್ಲ. ಕಾಣುವವನ ಹಾಗೆ ಸಂಜೆಯವರೆಗೆ ನೋಡಿ, ಪರದೆ ಎಳೆದು, ಆ ವರ್ಷವೆಲ್ಲ ನೆನಪಿನಲ್ಲಿದ್ದ ಹಳೆಯ ಮುಖವನ್ನೇ ಬೆರಳಿನಿಂದ ಹುಡುಕಿ ಕೆತ್ತಿದ.

ಮರು ಸುಗ್ಗಿ ಮುಗಿಯಿತು. ಹೋಲಿಸುವವರು ಬಂದರು, ಹಿಂದೆ ಅರ್ಧ ಊರೇ ಬಂತು. ಶಿಲ್ಪಿ ಅಂಗೈ ಚಾಚಿದ. ಅಂಗೈಯಲ್ಲಿ ಭತ್ತದ ಕಾಳಿನಷ್ಟು ಕಲ್ಲಿತ್ತು. ಹಿರಿಯ ಹೋಲಿಸುವವನು ಬಗ್ಗಿ, ಉಸಿರು ಬಿಗಿಹಿಡಿದು, ಕೈವಾರದ ಮೊನೆ ಅದಕ್ಕೆ ತಾಗಿಸಿದ. ತಾಗಿಸಿದ್ದೇ ತಡ, ಅದು ಪುಡಿಯಾಯಿತು. ಗಾಳಿ ಬಂತು, ಪುಡಿಯೂ ಹೋಯಿತು.

ಮೂವರೂ ಚೌಕಕ್ಕೆ ಹೋಗಿ ಮುದುಕರ ಜೊತೆ ಕೂತು ಮಧ್ಯಾಹ್ನದವರೆಗೆ ತರ್ಕ ಮಾಡಿ ಬಂದರು. ಇಂಥದ್ದಕ್ಕೆ ಕಟ್ಟಳೆಯಲ್ಲಿ ಮಾತೇ ಇರಲಿಲ್ಲ.

"ಕಲ್ಲಿಲ್ಲದ ಮೇಲೆ ಹೋಲಿಸೋ ಹಾಗಿಲ್ಲ ಯಜಮಾನರೇ," ಎಂದ ಹಿರಿಯವನು. "ಹೋಲಿಸಲಾಗದವರನ್ನ ಕಳಿಸೋ ಹಾಗೂ ಇಲ್ಲ. ನಿಮ್ಮ ಮಗಳಿಗೆ ಬಿಡುಗಡೆ. ನಾಳೆ ಮಡಕೆ ಹೊರಗೆ ಬರುತ್ತೆ."

ಹಿಂದೆ ನಿಂತ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಅವಸರದಲ್ಲಿ ಚದುರಿದರು. ಶಿಲ್ಪಿಗೆ ಅದಾವುದೂ ಕಾಣಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ತಡವರಿಸುತ್ತ ಹೋಗಿ ಪರದೆಯನ್ನು ಕಿತ್ತು ನೆಲಕ್ಕೆ ಎಳೆದ. ಮೂವತ್ತಮೂರು ವರ್ಷದ ಉಣ್ಣೆ ಕೈಯಲ್ಲೇ ಹರಿದು ಬಂತು.

"ಗೆದ್ದೆ ಮಗಳೇ," ಎಂದ. "ಇನ್ನು ಎಲ್ಲಿಗೆ ಬೇಕಾದರೂ ಹೋಗು. ಏನು ಬೇಕಾದರೂ ಮಾಡು."

ಮಗಳು ಅಂಗಳ ದಾಟಿ ಬೀದಿಗೆ ಇಳಿದಳು. ಅವಳ ಹೆಜ್ಜೆಯ ಸದ್ದು ಇಳಿಜಾರಿನಲ್ಲಿ ಕಡಲಿನ ಕಡೆ ಹೋಗುವುದನ್ನು ಅವನು ಬಾಗಿಲ ಚೌಕಟ್ಟು ಹಿಡಿದು ಕೇಳಿದ. ಸಂತೋಷಕ್ಕೆ ಒಬ್ಬನೇ ನಕ್ಕ. ಹೊತ್ತು ಇಳಿಯುವ ಮುಂಚೆ ಅದೇ ಹೆಜ್ಜೆ ನಿಧಾನವಾಗಿ ಏರು ಹತ್ತಿ ವಾಪಸು ಬಂತು.

ಯಾಕೆ ಬಂದೆ ಎಂದು ಕೇಳಿದ. ದಡದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ, ಗುರುತಿನವರು ಯಾರೂ ಸಿಗಲಿಲ್ಲ ಎಂದಳು. ನೀರು ತುಂಬ ದೊಡ್ಡದು, ಅಷ್ಟು ದೊಡ್ಡದು ಅಂತ ಮರೆತೇ ಹೋಗಿತ್ತು ಎಂದಳು. ಆಮೇಲೆ ಅವನ ಪಕ್ಕ ಹೊಸ್ತಿಲ ಮೇಲೆ ಕೂತಳು.

ಮಗಳು ಪಕ್ಕದಲ್ಲಿ ಕೂತದ್ದು, ಅವಳ ಉಸಿರು ಕೇಳಿಸುವಷ್ಟು ಹತ್ತಿರ ಕೂತದ್ದು, ಶಿಲ್ಪಿಗೆ ತಡೆಯಲಾಗಲಿಲ್ಲ. ಅಂದು ಮುಳುಗುಗಾರ ಬಂದಾಗ ನನಗೆ ಎಲ್ಲ ಕೇಳಿಸಿತ್ತು, ಹೋಗು ಅನ್ನೋ ಮಾತು ನಾಲಿಗೆ ತುದಿಯಲ್ಲೇ ಇತ್ತು, ಹೇಳದೆ ಹೋದೆ ಎಂದು ಅತ್ತ.

"ಗೊತ್ತು ಅಪ್ಪ," ಎಂದಳು ಮಗಳು. "ಅದಕ್ಕೆ ನಂಗೆ ಸಿಟ್ಟಿಲ್ಲ. ನೀನು ಪ್ರತಿ ದಿನ ನನ್ನನ್ನೇ ನೆನೀತಾ ಕೂತಿದ್ದೆ, ಅದೂ ಗೊತ್ತು. ಆದ್ರೆ ನೀನು ನೆನೆದಿದ್ದು ಯಾವಾಗಲೂ ಹೋದ ವರ್ಷದವಳನ್ನ. ನಾನು ಪರದೆ ಈಚೆ ಒಬ್ಬಳೇ ಇದ್ದೆ."

ನೋಡುತ್ತೇನೆ ಮಗಳೇ, ಈಗ ನೋಡುತ್ತೇನೆ ಎಂದು ಶಿಲ್ಪಿ ಅವಳ ಕಡೆ ತಿರುಗಿದ. ಬಿಳಿ ಕಣ್ಣುಗಳನ್ನು ಅಗಲಿಸಿ ಹುಡುಕಿದ. ಆಗ ಮಗಳಿಗೆ ಗೊತ್ತಾಯಿತು. ಅವಳು ಅವನ ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು.

ಬೆರಳುಗಳು ಹಣೆಯ ಮೇಲೆ ನಡೆದವು. ಹುಬ್ಬಿಗೆ ಇಳಿದವು, ಕಣ್ಣಿನ ಗುಳಿಗೆ ಇಳಿದವು, ಜೋತ ಕೆನ್ನೆಯ ಮೇಲೆ ನಿಂತವು. ಮುಖ ಬೆಚ್ಚಗಿತ್ತು, ಒದ್ದೆಯಾಗಿತ್ತು. ಅವನು ಜೀವಮಾನವಿಡೀ ಕೆತ್ತಿದ ಮೂಗು ಅಲ್ಲಿರಲಿಲ್ಲ, ಗಲ್ಲ ಅಲ್ಲಿರಲಿಲ್ಲ. ಯಾರೋ ಒಬ್ಬ ಮುದುಕಿ ಇದ್ದಳು. ಅವನು ಮತ್ತೆ ಹಣೆಯಿಂದ ಶುರು ಮಾಡಿದ, ಮತ್ತೆ ಕೆನ್ನೆಯ ಹತ್ತಿರ ದಾರಿ ತಪ್ಪಿದ.

"ಗುರುತು ಸಿಗ್ತಾ ಇಲ್ಲ ಮಗಳೇ," ಎಂದ. "ನನ್ನ ಕೈಗೆ ಹೋದ ವರ್ಷದವಳು ಮಾತ್ರ ಗೊತ್ತು. ಒಂದು ವರ್ಷ ತಾಳು. ಬರೋ ಸುಗ್ಗಿ ಹೊತ್ತಿಗೆ ಇವಳ ಗುರುತು ಹಿಡೀತೀನಿ."

ಆಗಲಿ ಅಪ್ಪ, ಎಂದಳು ಮಗಳು. ಕೈಯನ್ನು ಕೆನ್ನೆಯಿಂದ ತೆಗೆಯಲಿಲ್ಲ.

ಆ ಸುಗ್ಗಿಗೆ ಹನ್ನೆರಡು ತಿಂಗಳಿದ್ದವು. ಶಿಲ್ಪಿ ಇದ್ದದ್ದು ಒಂಬತ್ತು ದಿನ. ಒಂಬತ್ತು ದಿನವೂ ಮಗಳು ಅವನ ಪಕ್ಕ ಬಿಟ್ಟು ಏಳಲಿಲ್ಲ, ಒಂಬತ್ತು ದಿನವೂ ಆ ಕೈ ಅವಳ ಮುಖದ ಮೇಲೆ ಹುಡುಕುತ್ತಲೇ ಇತ್ತು.